ಮಾರ್ಕೆಟ್ಟಿನಲ್ಲಿ ನಿದ್ದೆ

ಆಷಾಢದಲ್ಲಿ ಶುಭಕಾರ್ಯ ಮಾಡಬಾರದಲ್ಲ, ಅದಕ್ಕೇ ಪಾಪಯ್ಯನ ಮನೆಯವರು ಮಗ್ಗ ಮಾರುವ ಕೆಲಸವನ್ನು ಆಷಾಢಕ್ಕೆ ಇಟ್ಟುಕೊಂಡರು.

ನಾಲ್ಕು ಮಗ್ಗ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ನಾಲ್ಕು ಕರೆಂಟು ಮಗ್ಗ ಇಟ್ಟವರು ಸಾಹುಕಾರರೂ ಅಲ್ಲ, ಬಡವರೂ ಅಲ್ಲ. ಈಚೆಗೆ ಇವರು ನೇಯ್ದ ಸೀರೆ ಕೇಳುವವರಿರಲಿಲ್ಲ. ಸೂರತ್ತಿನಿಂದ ಲಾರಿಗಟ್ಟಲೆ ಬಂದು ಬೀಳುವ ಸೀರೆಯ ಮುಂದೆ ಇವರದ್ದು ತುಟ್ಟಿ. ಮಗ ನಂದೀಶ್ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಗೆ ಸೇರಿ ವರ್ಷಗಳಾಗಿದ್ದವು. ಸೊಸೆ ರೂಪ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು.

"ಸಂಬಳ ತಂದು ತಂದು ಮಗ್ಗಕ್ಕೆ ಸುರಿಯೋದು ಇನ್ನೆಷ್ಟು ದಿನ ಅಪ್ಪಾ?" ಅಂತ ನಂದೀಶ್ ಕೇಳಿದ.

ಪಾಪಯ್ಯ ತಲೆ ಆಡಿಸಿದ. ಅದು ಹೂಂ ಅಂತಲೋ ಉಹೂಂ ಅಂತಲೋ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಎಲ್ಲರೂ ಹೂಂ ಅಂತಲೇ ಇಟ್ಟುಕೊಂಡರು. ಅವನ ಹೆಂಡತಿ ಅನುಸೂಯಮ್ಮನೂ ಹಾಗೇ ಇಟ್ಟುಕೊಂಡಳು.

ಗುಜರಿಯವರು ಬಂದರು. ಬಿಚ್ಚಿದರು, ತೂಕ ಹಾಕಿದರು, ಟೆಂಪೋಗೆ ತುಂಬಿದರು. ಪಾಪಯ್ಯ ಜಗಲಿಯ ಮೇಲೆ ಕೂತು ನೋಡಿದ. ಅನುಸೂಯಮ್ಮ ಅವರಿಗೆಲ್ಲ ಕಾಫಿ ಮಾಡಿ ಕೊಟ್ಟಳು. ಸಾವಿನ ಮನೆಯಲ್ಲಾದರೆ ಒಲೆ ಹಚ್ಚುವ ಹಾಗಿಲ್ಲ, ಇಲ್ಲಿ ಹಚ್ಚಬಹುದು, ಇದೊಂದೇ ವ್ಯತ್ಯಾಸ ಅಂತ ಅವಳಿಗೆ ಅನ್ನಿಸಿತು. ಅಳು ಬರುತ್ತದೇನೋ ಅಂತ ಕಾದಳು. ಬರಲಿಲ್ಲ. ಕಾಫಿ ಲೋಟ ತೊಳೆದಿಟ್ಟಳು.

ಅನುಸೂಯಮ್ಮ ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಸೊಸೆಯಾಗಿ ಬಂದವಳು. ಮೋಟಾರು, ಲಾಳಿ, ಹಲಗೆ ಎಲ್ಲ ಸೇರಿ ಎಬ್ಬಿಸುವ ಆ ಟಕಟಕದಲ್ಲಿ ಪಕ್ಕದಲ್ಲಿ ನಿಂತವರಿಗೂ ಕೂಗಿಯೇ ಹೇಳಬೇಕು. ದೂರ ಇದ್ದವರಿಗಾದರೆ ಕೂಗಿಯೂ ಉಪಯೋಗವಿಲ್ಲ, ತುಟಿ ಆಡಿಸಿ ತೋರಿಸಬೇಕು. ಅಡುಗೆಮನೆ ಬಾಗಿಲಲ್ಲಿ ನಿಂತು ಅವಳು ಸದ್ದಿಲ್ಲದೆ ತುಟಿಯಲ್ಲೇ 'ಊಟಕ್ಕೆ ಬನ್ನಿ' ಅಂದರೆ, ಆಚೆ ತುದಿಯಿಂದ ಪಾಪಯ್ಯ ತುಟಿಯಲ್ಲೇ 'ಏನು ಸಾರು' ಅಂತ ಕೇಳುತ್ತಿದ್ದ. ಅವರ ಸಂಸಾರ ಮುಕ್ಕಾಲು ಪಾಲು ಹೀಗೇ ನಡೆದಿತ್ತು. ಜಗಳವೂ ತುಟಿಯಲ್ಲೇ. ಮಗ ಹುಟ್ಟಿ ಬೆಳೆದದ್ದೂ ಆ ಸದ್ದಿನಲ್ಲೇ.

ರಾತ್ರಿ ಬೈರೇಶ ಅನ್ನುವ ಕೂಲಿಯವನು ಬಂದು ಮಗ್ಗ ಓಡಿಸುತ್ತಿದ್ದ. ಗೋಡೆಯ ಈಚೆ ಗಂಡ ಹೆಂಡತಿ ಮಲಗುತ್ತಿದ್ದರು. ಸದ್ದಿಗೆ ಅವರ ನಿದ್ದೆ ಕೆಡುತ್ತಿರಲಿಲ್ಲ, ಸದ್ದು ನಿಂತರೆ ಕೆಡುತ್ತಿತ್ತು. ಎಳೆ ಕಡಿದು ಒಂದೇ ಒಂದು ಮಗ್ಗ ನಿಂತರೂ ಪಾಪಯ್ಯ ಎದ್ದು ಕೂರುತ್ತಿದ್ದ. ಕೆಲವು ಸಲ ಏನೂ ನಿಲ್ಲದೆಯೂ ಬೆಚ್ಚಿ ಏಳುತ್ತಿದ್ದ. ಆಗ ಅನುಸೂಯಮ್ಮ ಕಣ್ಣು ಕೂಡ ಬಿಡದೆ, "ಮಲಕ್ಕೊಳ್ಳಿ, ಯಾವ್ದೂ ನಿಂತಿಲ್ಲ" ಅನ್ನುತ್ತಿದ್ದಳು. ಅವಳು ಬೆಚ್ಚಿದ ದಿನ ಅದೇ ಮಾತನ್ನು ಅವನು ಅನ್ನುತ್ತಿದ್ದ. ಇಬ್ಬರ ನಡುವೆ ಅದಕ್ಕಿಂತ ಹತ್ತಿರದ ಮಾತು ಇನ್ನೊಂದಿರಲಿಲ್ಲ.

ಮಗ್ಗ ಹೋದ ದಿನ ರಾತ್ರಿ ಪಾಪಯ್ಯ ಎದ್ದು ಕೂತ. ಅಭ್ಯಾಸಬಲದಿಂದ ಅನುಸೂಯಮ್ಮನ ಬಾಯಿ ತೆರೆಯಿತು. "ಮಲಕ್ಕೊಳ್ಳಿ, ಯಾವ್ದೂ..." ಅಂದವಳು ಅಲ್ಲಿಗೇ ಬಾಯಿ ಮುಚ್ಚಿದಳು. ಎಲ್ಲವೂ ನಿಂತಿತ್ತು.

ಮೊದಲ ವಾರ ಅವಳಿಗಾದ ಪಜೀತಿಯೇ ಬೇರೆ. ಅವಳ ಗಂಟಲು ಮಗ್ಗದ ಲೆಕ್ಕಕ್ಕೇ ಏಳುತ್ತಿತ್ತು. ಒಂದು ಬೆಳಿಗ್ಗೆ ಸೊಪ್ಪು ಸೋಸುತ್ತಾ ರೂಪಳಿಗೆ, "ಆ ಶಕುಂತಲಮ್ಮ ಉಪ್ಪು ಕೇಳೋಕೆ ಅಂತ ಬರ್ತಾಳೆ, ಹೋಗೋವಾಗ ನಮ್ಮ ಸಕ್ಕರೆ ಡಬ್ಬ ಎಷ್ಟು ತುಂಬಿದೆ ಅಂತ ಅಳೆದುಕೊಂಡೇ ಹೋಗ್ತಾಳೆ" ಅಂದಳು. ಅವಳ ಪ್ರಕಾರ ಅದು ಗುಟ್ಟಿನ ಮಾತು. ಎದುರು ಮನೆಯ ಶಕುಂತಲಮ್ಮ ತನ್ನ ಬಾಗಿಲಲ್ಲೇ ರಂಗೋಲಿ ಇಡುತ್ತಿದ್ದಳು.

"ಅತ್ತೇ, ಮೆಲ್ಲಗೆ!" ಅಂದಳು ರೂಪ.

"ಮೆಲ್ಲಗೇ ಹೇಳಿದ್ನಲ್ಲ!"

ಶಕುಂತಲಮ್ಮ ಮತ್ತೆ ಉಪ್ಪು ಕೇಳಲು ಬರಲಿಲ್ಲ. ಅನುಸೂಯಮ್ಮನಿಗೆ ನಾಚಿಕೆಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಅಂದಿನಿಂದ ಮಾತು ಕಡಿಮೆ ಮಾಡಿದಳು, ಅಷ್ಟೆ. ಗಂಡನ ಹತ್ತಿರವಂತೂ ಆಡುವ ಮಾತೇ ಇರಲಿಲ್ಲ. ಊಟಕ್ಕೆ ಬನ್ನಿ, ಏನು ಸಾರು, ಸೊಪ್ಪಿನ ಸಾರು. ಮಗ್ಗದ ಸದ್ದಿನಲ್ಲಿ ಇದು ದೊಡ್ಡ ಮಾತುಕತೆಯ ಹಾಗಿತ್ತು, ಈಗ ಬರೀ ಇಷ್ಟೇನಾ ಅನ್ನಿಸುತ್ತಿತ್ತು.

ಪಾಪಯ್ಯನಿಗೆ ನಿದ್ದೆ ಬರಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ. ಕಣ್ಣಿನ ಕೆಳಗೆ ಕಪ್ಪಾಯಿತು. ಕಾಫಿ ಹೀರುವುದನ್ನು ಅರ್ಧಕ್ಕೆ ಮರೆತು ಲೋಟ ಹಿಡಿದು ಕೂತಿರುತ್ತಿದ್ದ. ಅನುಸೂಯಮ್ಮ ಗಸಗಸೆ ಪಾಯಸ ಮಾಡಿ ಕುಡಿಸಿದಳು. ಅದನ್ನು ಕುಡಿದು ನಂದೀಶ್ ಮಧ್ಯಾಹ್ನದ ಪಾಳಿಗೆ ಹೋಗದೆ ಗೊರಕೆ ಹೊಡೆದ, ಪಾಪಯ್ಯ ಕಣ್ಣು ಬಿಟ್ಟುಕೊಂಡೇ ಇದ್ದ. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ತಿಂದರೆ ಕಾಲು ಮಲಗುತ್ತಿತ್ತು, ತಲೆ ಎದ್ದೇ ಇರುತ್ತಿತ್ತು. ಬಚ್ಚಲಲ್ಲಿ ಒಮ್ಮೆ ಜಾರಿ ಮೊಣಕೈ ಗಾಯವಾದ ಮೇಲೆ ರೂಪಳೇ ಮಾತ್ರೆಯನ್ನು ತೆಗೆದು ಬಿಸಾಡಿದಳು.

ಮೊಮ್ಮಗಳು ಸಿಂಚನ ಹೈಸ್ಕೂಲು. ಅವಳೊಂದು ಉಪಾಯ ಮಾಡಿದಳು. ಮೊಬೈಲಿನಲ್ಲಿ ಯಾರೋ ಹಾಕಿದ ಮಗ್ಗದ ಸದ್ದಿನ ವಿಡಿಯೋ ಹುಡುಕಿ ತಾತನ ದಿಂಬಿನ ಪಕ್ಕ ಇಟ್ಟಳು. ಪಾಪಯ್ಯ ಕಣ್ಣು ಮುಚ್ಚಿದ. ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಎಣ್ಣೆ ಬಿಟ್ಟಿಲ್ಲ ಕಣಮ್ಮ ಅದಕ್ಕೆ. ಇನ್ನೊಂದು ವಾರಕ್ಕೆ ಕೆಟ್ಟು ಕೂರುತ್ತೆ" ಅಂದ. ಸಿಂಚನ ನಕ್ಕಳು. ಪಾಪಯ್ಯ ನಗಲಿಲ್ಲ. ಯಾರ ಮಗ್ಗವೋ ಏನೋ, ಅದಕ್ಕೊಂದು ಎಣ್ಣೆ ಬಿಡುವವರಿಲ್ಲವಲ್ಲ ಅಂತ ಇನ್ನಷ್ಟು ಹೊತ್ತು ಎದ್ದೇ ಇದ್ದ.

"ಅಪ್ಪಯ್ಯಣ್ಣನ ಮನೇಲಿ ಮಗ್ಗ ಓಡ್ತಾನೇ ಇದಾವಲ್ಲ. ಅವರ ಹಜಾರದಲ್ಲಿ ಹೋಗಿ ಮಲಕ್ಕೊಳ್ಳಿ. ಬೇಡ ಅಂತಾರಾ?" ಅಂದಳು ಅನುಸೂಯಮ್ಮ.

ಪಕ್ಕದ ಬೀದಿಯ ಅಪ್ಪಯ್ಯಣ್ಣ ಬೇಡ ಅನ್ನಲಿಲ್ಲ, ಚಾಪೆ ಕೂಡ ಹಾಕಿಕೊಟ್ಟ. ಪಾಪಯ್ಯ ಎರಡು ಮಧ್ಯಾಹ್ನ ಹೋಗಿ ಬಂದ. ಮೂರನೆಯ ದಿನ ಹೋಗಲಿಲ್ಲ. ಯಾಕೆ ಅಂತ ಕೇಳಿದರೆ ಹೇಳಲಿಲ್ಲ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ರೇಟು ಊರಲ್ಲಿ ಕೇಳುವ ಹಾಗಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ರೂಪ ಹಬ್ಬದ ಸಾಮಾನಿಗೆ ಬೆಂಗಳೂರಿನ ಸಿಟಿ ಮಾರ್ಕೆಟ್ಟಿಗೇ ಹೋಗುತ್ತಿದ್ದಳು. ಈ ಸಲ ಚೀಲ ಹಿಡಿಯೋಕೆ ಅಂತ ಮಾವನನ್ನೂ ಕರೆದುಕೊಂಡು ಹೋದಳು. ಮನೆಯಲ್ಲಿ ಕೂತು ಕೂತು ಇವರು ಇನ್ನೂ ಕೆಡುತ್ತಾರೆ ಅನ್ನುವುದು ಅವಳ ಒಳಗಿನ ಲೆಕ್ಕ.

ಮಧ್ಯಾಹ್ನಕ್ಕೆ ಬರಬೇಕಾದವರು ದೀಪ ಹಚ್ಚುವ ಹೊತ್ತಿಗೆ ಬಂದರು. ತಾವರೆ ಹೂವು ಬಾಡಿತ್ತು. ಬಾಳೆಕಂದು ಚೀಲದಲ್ಲೇ ಮುರಿದಿತ್ತು. ಅನುಸೂಯಮ್ಮ ಬಾಗಿಲಲ್ಲೇ ಶುರು ಮಾಡಿದಳು, "ಎಲ್ಲಿ ಹಾಳಾಗಿ ಹೋಗಿದ್ರಿ ಇಷ್ಟೊತ್ತು? ಫೋನಾದ್ರೂ ಎತ್ತಬಾರದಾ?"

ಪಾಪಯ್ಯ ಸೀದಾ ಹಿತ್ತಲಿಗೆ ಹೋಗಿ ಮುಖ ತೊಳೆದ. ಅನುಸೂಯಮ್ಮ ಅವನ ಮುಖ ನೋಡಿದಳು. ಊದಿಕೊಂಡ ಮುಖ, ಕೆನ್ನೆಯ ಮೇಲೆ ಗೋಣಿಯ ಅಚ್ಚು, ಕಣ್ಣು ಮಾತ್ರ ತಿಳಿಯಾಗಿತ್ತು.

"ಮಾವ ಮಲಗಿಬಿಟ್ರು ಅತ್ತೆ" ಅಂದಳು ರೂಪ, ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ.

"ಎಲ್ಲಿ? ಬಸ್ಸಲ್ಲಾ?"

"ಮಾರ್ಕೆಟ್ಟಲ್ಲಿ. ಹೂವಿನವರು ಇರ್ತಾರಲ್ಲ, ಕೆಳಗೆ. ಆ ಕೂಗಾಟ, ತಳ್ಳಾಟ, ಮೂಟೆ ಹೊರೋರು ದಾರಿ ದಾರಿ ಅಂತ ಕಿರುಚೋದು, ನನಗೇ ತಲೆ ಸಿಡೀತಿತ್ತು. ಸೇವಂತಿಗೆ ಚೌಕಾಸಿ ಮಾಡಿ ತಿರುಗಿ ನೋಡ್ತೀನಿ, ಖಾಲಿ ಗೋಣಿ ಮೇಲೆ ಕಾಲು ಮಡಚಿಕೊಂಡು ಮಲಗಿದಾರೆ. ಗೊರಕೆ ಬೇರೆ. ಎಬ್ಬಿಸೋಕೆ ಮನಸ್ಸು ಬರಲಿಲ್ಲ ಅತ್ತೆ. ಅಲ್ಲೇ ಕೂತಿದ್ದೆ."

ಅನುಸೂಯಮ್ಮ ಒಲೆ ಮೇಲಿನ ಸಾರು ತಿರುವಿದಳು. ಸೊಸೆಗೆ ಶಹಬ್ಬಾಸ್ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಮನೇಲಿ ಮಂಚ ಇದೆ, ಹಾಸಿಗೆ ಇದೆ. ಪಕ್ಕದಲ್ಲಿ ಹೆಂಡ್ತಿ ಇದಾಳೆ. ಬೀದಿ ಗೋಣಿ ಮೇಲೆ ನಿದ್ದೆ ಬಂತಂತಾ?"

ಹಬ್ಬ ಮುಗಿದ ಮಾರನೆಯ ದಿನವೇ ಪಾಪಯ್ಯ ಅಂಗಿ ತೊಟ್ಟು ನಿಂತ. "ಮಾರ್ಕೆಟ್ಟಿಗೆ ಹೋಗ್ಬರ್ತೀನಿ."

"ಏನಕ್ಕೆ?"

"ಕೊತ್ತಂಬರಿ ಸೊಪ್ಪು ಇರಲಿಲ್ಲ ಅಂತಿದ್ಯಲ್ಲ."

ಕೊತ್ತಂಬರಿ ಸೊಪ್ಪಿಗೆ ದೊಡ್ಡಬಳ್ಳಾಪುರದಿಂದ ಸಿಟಿ ಮಾರ್ಕೆಟ್ಟು! ಬಸ್ಸಿನಲ್ಲಿ ಯಲಹಂಕ, ಹೆಬ್ಬಾಳ ದಾಟಿ ಮೆಜೆಸ್ಟಿಕ್ಕು, ಅಲ್ಲಿಂದ ಇನ್ನೊಂದು ಬಸ್ಸು. ಅವನು ಹೋದ, ಸೊಪ್ಪು ತಂದ. ಮಾರನೆಯ ದಿನ ಪುದೀನ ತಂದ. ಅದರ ಮಾರನೆಯ ದಿನ ನಿಂಬೆಹಣ್ಣು. ಬಸ್ ಪಾಸು ಮಾಡಿಸಿಕೊಂಡ. ಅನುಸೂಯಮ್ಮ ಬೆಳಿಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ ಡಬ್ಬಿಗೆ ಹಾಕಿ ಕೊಡುತ್ತಿದ್ದಳು, ಅವನು ಕೆಲಸಕ್ಕೆ ಹೋಗುವವನ ಹಾಗೆ ಹಿಡಿದುಕೊಂಡು ಹೊರಡುತ್ತಿದ್ದ. ಸಂಜೆ ಸೊಪ್ಪಿನ ಜೊತೆ ಬರುತ್ತಿದ್ದ. ಮೈಗೆ ಸ್ವಲ್ಪ ಕಳೆ ಬಂದಿತ್ತು. ಮನೆಯವರಂತೂ ಕೊತ್ತಂಬರಿ ಚಟ್ನಿ, ಕೊತ್ತಂಬರಿ ಚಿತ್ರಾನ್ನ, ಕೊತ್ತಂಬರಿ ತಂಬುಳಿ ತಿಂದು ತಿಂದು ಬೇಸತ್ತರು.

"ನಾವೇನು ಆಡು ಮೇಕೆನಾ ಅಜ್ಜಿ?" ಅಂತ ಸಿಂಚನ ತಟ್ಟೆ ನೋಡಿ ಕೇಳಿದಳು.

ಗಣೇಶನ ಹಬ್ಬ ಕಳೆದು ಒಂದು ವಾರಕ್ಕೆ ನಂದೀಶ್ ಫ್ಯಾಕ್ಟರಿಯಿಂದ ಮುಖ ಕೆಂಪಗೆ ಮಾಡಿಕೊಂಡು ಬಂದ. ಶೂ ಕೂಡ ಬಿಚ್ಚದೆ ಮೊಬೈಲನ್ನು ಅಮ್ಮನ ಮುಂದೆ ಹಿಡಿದ. ಗೋಣಿಚೀಲದ ಮೇಲೆ ಬಾಯಿ ತೆರೆದುಕೊಂಡು ಮಲಗಿದ ಪಾಪಯ್ಯ, ತಲೆಯ ಪಕ್ಕದಲ್ಲಿ ಟಿಫನ್ ಡಬ್ಬಿ, ಕಾಲ ಬಳಿ ಕೊಳೆತ ಚೆಂಡು ಹೂವಿನ ರಾಶಿ.

"ಕೆಂಪರಾಜ್ ಕಳಿಸಿದ. ಫ್ಯಾಕ್ಟರೀಲಿ ನನ್ನ ಲೈನಿನವನು. ಇದು ನಿಮ್ಮಪ್ಪ ಅಲ್ವಾ ಗುರು, ಮನೇಲೇನಾದ್ರೂ ತೊಂದ್ರೆನಾ ಅಂತ ಕೇಳ್ತಾನೆ. ಏನಂತ ಹೇಳ್ಲಿ ನಾನು?"

ಪಾಪಯ್ಯ ಊಟಕ್ಕೆ ಕೂತಿದ್ದ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ಅಪ್ಪಾ, ನಿಮ್ಮನ್ನೇ ಕೇಳ್ತಿರೋದು. ಮನೆಯಿಂದ ಆಚೆ ಹಾಕಿದಾರೆ ಅಂದ್ಕೊಳ್ತಾರೆ ಜನ."

"ಜನ ಅಂದ್ಕೊಳ್ಳಿ ಬಿಡು."

"ಬಿಡು ಅಂದ್ರೆ? ನಾಳೆ ಅಲ್ಲಿ ಯಾವನಾದ್ರೂ ಗಾಡಿ ಹರಿಸಿಬಿಟ್ರೆ? ಜೇಬು ಕತ್ತರಿಸಿದ್ರೆ?"

"ನನ್ನ ಜೇಬಲ್ಲಿ ಏನಿದೆಯೋ?"

"ರೀ, ಊಟ ಮಾಡೋವಾಗ ಬೇಡ ಬಿಡಿ" ಅಂದಳು ರೂಪ.

"ನೀನು ಸುಮ್ನಿರು. ನೀನೇ ಇದನ್ನ ಕಲಿಸಿದ್ದು."

"ನಿದ್ದೆ ಮಾಡೋದನ್ನ ನಾನು ಕಲಿಸ್ತೀನಾ?"

"ಅಮ್ಮಾ, ನೀವಾದ್ರೂ ಒಂದು ಮಾತು ಹೇಳಿ!"

ಅನುಸೂಯಮ್ಮನ ಒಳಗೆ ಎಲ್ಲ ಮರಗಟ್ಟಿದ ಹಾಗಿತ್ತು. ಗಂಡನ ಪರ ಮಾತಾಡಬೇಕೋ ಮಗನ ಪರ ಆಡಬೇಕೋ ತಿಳಿಯಲಿಲ್ಲ. ಗಂಡನಿಗೆ ಇನ್ನೊಂದು ಚೂರು ಸಾರು ಬಡಿಸಿದಳು. ಅದನ್ನೇ ಮಗ ತನ್ನ ಪರ ಅಂತಲೂ ಗಂಡ ತನ್ನ ಪರ ಅಂತಲೂ ತಿಳಿದುಕೊಂಡಿರಬೇಕು.

ನಂದೀಶ್ ಅಪ್ಪನ ಅಂಗಿ ಜೇಬಿನಿಂದ ಬಸ್ ಪಾಸು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ. ಬೀಗದ ಕೈ ಅಮ್ಮನ ಕೈಗೆ ಕೊಟ್ಟ. "ಮುಂದಿನ ತಿಂಗಳು ಮಗ್ಗದ ಹಜಾರಕ್ಕೆ ಕೊರಿಯರ್‌ನವರು ಬರ್ತಾರೆ, ಪಾರ್ಸೆಲ್ ಇಟ್ಕೊಳ್ಳೋಕೆ. ಅಪ್ಪ ಅಲ್ಲಿ ಕೂತು ನೋಡ್ಕೊಂಡ್ರೆ ಸಾಕು. ಹೊತ್ತೂ ಹೋಗುತ್ತೆ" ಅಂದ. ಕೆಟ್ಟ ಮಗನಲ್ಲ ಅವನು. ಅಪ್ಪನನ್ನು ಜನ ಅನಾಥ ಅಂದುಕೊಳ್ಳಬಾರದು ಅನ್ನುವುದಷ್ಟೇ ಅವನ ಕಷ್ಟ.

ಪಿತೃಪಕ್ಷ ಪೂರ್ತಿ ಪಾಪಯ್ಯ ಮನೆಯಲ್ಲೇ ಇದ್ದ. ಎದುರು ಮಾತಾಡಲಿಲ್ಲ. ಖಾಲಿ ಹಜಾರದಲ್ಲಿ ಮಗ್ಗ ನಿಂತಿದ್ದ ಜಾಗದಲ್ಲಿ ನೆಲಕ್ಕೆ ಎಣ್ಣೆ ಕುಡಿದ ಕಲೆ ಇತ್ತು. ಅದನ್ನು ತುಳಿಯದೆ, ಮಗ್ಗ ಇನ್ನೂ ಅಲ್ಲೇ ಇರುವ ಹಾಗೆ ಸುತ್ತಿ ಬಳಸಿ ಓಡಾಡುತ್ತಿದ್ದ. ಮತ್ತೆ ಕಣ್ಣು ಗುಳಿ ಬಿದ್ದವು. ಹಿರಿಯರ ಹಬ್ಬದ ದಿನ ಎಡೆ ಇಡುವಾಗ ತನ್ನ ಅಪ್ಪನ ಹೆಸರು ಅವನಿಗೆ ನೆನಪಾಗಲಿಲ್ಲ. ಅನುಸೂಯಮ್ಮ ಹೇಳಿಕೊಡಬೇಕಾಯಿತು. ಅದಾದ ಎರಡು ದಿನಕ್ಕೆ ಹಾಲು ಕಾಯಿಸುತ್ತೇನೆ ಅಂತ ಹೋದವನು ಉಕ್ಕಿ ಆರಿದ ಒಲೆಯ ಮುಂದೆ, ಗ್ಯಾಸು ಸುಯ್ಯೆನ್ನುತ್ತಿದ್ದರೂ ನೋಡುತ್ತಾ ನಿಂತಿದ್ದ. ಅವಳು ಓಡಿ ಬಂದು ಗ್ಯಾಸು ಬಂದ್ ಮಾಡಿದಳು.

ಕಿಟಕಿ ತೆರೆದು ಬಂದು ಅವನ ಮುಂದೆ ನಿಂತಳು. ಇಷ್ಟು ದಿನ ನುಂಗಿದ್ದು ಹೊರಗೆ ಬಂತು, ಅದೂ ಮಗ್ಗದ ಗಂಟಲಲ್ಲಿ. ಶಕುಂತಲಮ್ಮ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

"ನನ್ನ ಪಕ್ಕ ಮಲಗಿದ್ರೆ ನಿದ್ದೆ ಬರಲ್ವಾ ನಿಮಗೆ? ಇಷ್ಟು ವರ್ಷ ಮಲಗಿದ್ದು ಮಗ್ಗದ ಪಕ್ಕನಾ, ನನ್ನ ಪಕ್ಕನಾ? ಹೇಳಿಬಿಡಿ ಒಂದ್ಸಲ!"

ಪಾಪಯ್ಯ ಗೋಡೆಗೆ ಒರಗಿ ನೆಲಕ್ಕೆ ಕೂತ. ಆಮೇಲೆ ಅಂದ, "ಅಪ್ಪಯ್ಯಣ್ಣನ ಮನೇಲಿ ಕಣ್ಣು ಹತ್ತುತ್ತೆ ಕಣೇ. ಅಷ್ಟರಲ್ಲಿ ಯಾವುದೋ ಮಗ್ಗ ನಿಲ್ಲುತ್ತೆ. ಎದ್ಬಿಡ್ತೀನಿ. ಎದ್ದು ಏನು ಮಾಡ್ಲಿ? ಅವರ ಮಗ್ಗ, ಅವರ ಎಳೆ. ಕೈ ಕಟ್ಕೊಂಡು ಕೂತಿರ್ತೀನಿ. ಇಲ್ಲಿ ಮನೇಲಿ ಎಲ್ಲಾ ನಿಂತೇ ಇದೆ. ಕಣ್ಣು ಮುಚ್ಚಿದ್ರೆ ಸಾಕು, ಏನೋ ನಿಂತೋಯ್ತು ಅಂತ ಎದೆ ಹೊಡ್ಕೊಳ್ಳುತ್ತೆ. ಮಾರ್ಕೆಟ್ಟಲ್ಲಿ ಯಾವ್ದೂ ನಿಲ್ಲಲ್ಲ ಅನುಸೂಯಾ. ನಿಂತ್ರೂ ನಾನು ಏಳಬೇಕಾಗಿಲ್ಲ."

ಅವನು ಅವಳ ಹತ್ತಿರ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ತನ್ನ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ ಅನ್ನುವುದೂ ಅವಳಿಗೆ ಗೊತ್ತಾಯಿತು. ಕೆಳಗೆ ಚೆಲ್ಲಿದ ಹಾಲು ಒರೆಸಿದಳು.

ಆಯುಧಪೂಜೆಗೆ ಎರಡು ದಿನ ಇರುವಾಗ, ಬೆಳಿಗ್ಗೆ ನಂದೀಶ್ ಪಾಳಿಗೆ ಹೊರಡುತ್ತಿದ್ದಂತೆ, ಅನುಸೂಯಮ್ಮ ಬೀರು ತೆಗೆದು ಪಾಸನ್ನು ಗಂಡನ ಜೇಬಿಗೆ ಹಾಕಿದಳು.

"ಅಮ್ಮಾ, ಏನಿದು?"

"ಹಬ್ಬದ ಹೂವು ತರೋಕೆ ಹೋಗ್ತೀವಿ."

"ಹೂವು ಯಾತಕ್ಕಮ್ಮಾ? ಈ ವರ್ಷ ನನ್ನ ಗಾಡಿಗೆ ಒಂದು ಹಾರ ಹಾಕಿದ್ರೆ ಆಯ್ತು."

"ಆ ಒಂದು ಹಾರ ತರೋಕೇ ಹೋಗ್ತೀವಿ."

ಪ್ರತಿ ವರ್ಷ ಆ ಹಬ್ಬಕ್ಕೆ ನಾಲ್ಕು ಮಗ್ಗಕ್ಕೂ ಹಾರ ಹಾಕಿ, ಬೂದುಗುಂಬಳ ಒಡೆದು, ಬೈರೇಶನಿಗೆ ಹೊಸ ಪಂಚೆ ಕೊಡುತ್ತಿದ್ದರು. ಅದು ನಂದೀಶನಿಗೂ ನೆನಪಾಗಿರಬೇಕು. ಹೆಲ್ಮೆಟ್ಟು ಹಾಕಿಕೊಂಡ. "ಫೋನ್ ಮಾಡ್ತೀನಿ, ಎತ್ತಿ" ಅಂತಷ್ಟೇ ಹೇಳಿ ಹೋದ. ರೂಪ ಎರಡು ಡಬ್ಬಿ ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕೂತರು. ಕಂಡಕ್ಟರು ಅವಳಿಗೆ ಪುಕ್ಕಟೆ ಟಿಕೆಟ್ಟು ಹರಿದುಕೊಟ್ಟ.

ಸಿಟಿ ಮಾರ್ಕೆಟ್ಟಿನ ಕಲ್ಲಿನ ಮುಖ ಅನುಸೂಯಮ್ಮನಿಗೆ ಗುರುತು ಸಿಕ್ಕಿತು. ತನ್ನ ಮದುವೆಗೆ ಬಾಸಿಂಗ ತರಲು ಅಪ್ಪನ ಕೈ ಹಿಡಿದು ಬಂದಿದ್ದಳು. ಆಗ ಮೇಲುಸೇತುವೆ ಇರಲಿಲ್ಲ, ಈಗ ಅದು ಕಟ್ಟಡದ ಎದೆಗೇ ಅಡ್ಡ ಬಂದ ಹಾಗೆ ಹಾದುಹೋಗಿತ್ತು. ಕಮಾನು, ಕಂಬ, ಕಲ್ಲು ಮಾತ್ರ ಹಾಗೇ ಇದ್ದವು. ಏನಾದರೂ ಅನ್ನಿಸಬೇಕಿತ್ತು. ಅಪ್ಪನಾದರೂ ನೆನಪಾಗಿ ಕಣ್ಣು ತುಂಬಬೇಕಿತ್ತು. ಏನೂ ಅನ್ನಿಸಲಿಲ್ಲ. ಸೀರೆ ಎತ್ತಿ ಹಿಡಿದು, ಕೆಸರು ತಪ್ಪಿಸಿಕೊಂಡು, ಗಂಡನ ಬೆನ್ನು ನೋಡುತ್ತಾ ನಡೆದಳು.

ಒಳಗೆ ಕಾಲಿಟ್ಟ ತಕ್ಷಣ ಆ ಸದ್ದು ಮೈಮೇಲೆ ಬಿತ್ತು. ಸುತ್ತ ಎತ್ತರಕ್ಕೆ ಅಂಗಡಿ ಸಾಲು, ನಡುವೆ ಕೆಳಗೆ ಹೂವಿನ ರಾಶಿ ರಾಶಿ. ಸೇವಂತಿಗೆ, ಚೆಂಡು ಹೂವು, ಕನಕಾಂಬರ, ಸುಗಂಧರಾಜ. ಮೊಳದ ಲೆಕ್ಕ ಕೂಗುವವರು, ಕೆಜಿ ಲೆಕ್ಕ ಕೂಗುವವರು, ತಲೆ ಮೇಲೆ ಮೂಟೆ ಹೊತ್ತು ದಾರಿ ಕೇಳುವವರು, ತಮಿಳು, ತೆಲುಗು, ಉರ್ದು ಎಲ್ಲ ಸೇರಿ ಸೂರಿಗೆ ಬಡಿದು ಕೆಳಗೆ ಬರುತ್ತಿತ್ತು. ಯಾವ ಮಾತೂ ಬಿಡಿಯಾಗಿ ಕೇಳುತ್ತಿರಲಿಲ್ಲ. ಅನುಸೂಯಮ್ಮನ ಹೆಗಲು ಅವಳಿಗೇ ಗೊತ್ತಿಲ್ಲದೆ ಸಡಿಲವಾಯಿತು.

"ಏನ್ ಪಾಪಯ್ಯಣ್ಣಾ! ತಿಂಗಳತ್ರ ಆಯ್ತು, ಕಾಣಿಸ್ಲೇ ಇಲ್ಲ! ಇದೀರೋ ಹೋಗಿಬಿಟ್ರೋ ಅಂದ್ಕೊಂಡಿದ್ದೆ!" ಅಂತ ಕಂಬದ ಪಕ್ಕ ಸೇವಂತಿಗೆ ಹರಡಿಕೊಂಡಿದ್ದ ಒಬ್ಬ ಹೆಂಗಸು ಕೂಗಿದಳು. ನೆಲಮಂಗಲದ ತ್ಯಾಮಗೊಂಡ್ಲು ಕಡೆಯ ಮುತ್ತಮ್ಮ. ಬಾಯಿ ತುಂಬಾ ಎಲೆ ಅಡಿಕೆ.

"ಇದ್ದೀನಿ ಕಣಮ್ಮಾ, ಇದ್ದೀನಿ! ಮನೇವ್ರು ಬಂದಿದಾರೆ ನೋಡು!" ಪಾಪಯ್ಯನೂ ಕೂಗಿದ. ಅನುಸೂಯಮ್ಮ ಅವನ ಮುಖವನ್ನೇ ನೋಡಿದಳು. ಮನೆಯಲ್ಲಿ ಗುಬ್ಬಿಯ ಹಾಗೆ ಸೊರಗಿದ್ದ ದನಿ ಇಲ್ಲಿ ಎಷ್ಟು ಸಲೀಸಾಗಿ ಏಳುತ್ತಿದೆ!

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ನಿಮ್ಮ ಹುರುಳಿಕಾಳು ಬಸ್ಸಾರಿನ ಕತೆ ಕೇಳಿ ಕೇಳಿ ನಾನೇ ಒಂದಿನ ದೊಡ್ಡಬಳ್ಳಾಪುರಕ್ಕೆ ಬರೋಣ ಅಂದ್ಕೊಂಡಿದ್ದೆ."

"ಬಸ್ಸಾರಾ? ಯಾರು ಹೇಳಿದ್ದು?"

"ಇನ್ಯಾರು ಹೇಳ್ತಾರೆ? ಎದ್ದ ಮೇಲೆ ಹೂವು ಸೋಸಿಕೊಡ್ತಾರೆ, ಸೋಸೋವಾಗ ಬಾಯಿ ಸುಮ್ನಿರಲ್ಲ. ಎಲ್ಲಾ ನಿಮ್ಮ ಸುದ್ದೀನೇ."

ಪಾಪಯ್ಯ ಆಗಲೇ ಖಾಲಿ ಗೋಣಿ ಹಾಸಿಕೊಂಡಿದ್ದ. ಹೆಂಡತಿಯ ಕಡೆ ಒಮ್ಮೆ, ಅಪ್ಪಣೆ ಕೇಳುವವನ ಹಾಗೆ, ನೋಡಿದ. ಅವಳು ತಲೆ ಆಡಿಸಿದಳು. ಅವನು ಹೂಂ ಅಂತಲೇ ಇಟ್ಟುಕೊಂಡ. ಮಗ್ಗುಲಾಗಿ, ಮೊಣಕೈ ತಲೆಗೆ ಕೊಟ್ಟ. ನೋಡುನೋಡುತ್ತಿದ್ದಂತೆ ಅವನ ಬಾಯಿ ತೆರೆದುಕೊಂಡಿತು.

ಅನುಸೂಯಮ್ಮ ಡಬ್ಬಿ, ಚೀಲ, ಅವನ ಚಪ್ಪಲಿ ಎಲ್ಲ ಹತ್ತಿರಕ್ಕೆ ಎಳೆದುಕೊಂಡು ಕಂಬಕ್ಕೆ ಒರಗಿ ಕಾವಲು ಕೂತಳು. ನಂದೀಶ್ ತೋರಿಸಿದ ಫೋಟೋದಲ್ಲಿ ಇದ್ದ ಮುಖವೇ ಇದು. ಫೋಟೋದಲ್ಲಿ ದಿಕ್ಕಿಲ್ಲದವನ ಹಾಗೆ ಕಂಡಿದ್ದ. ಇಲ್ಲಿ ಹಾಗೆ ಕಾಣಲಿಲ್ಲ. ನಿದ್ದೆ ಮಾಡುವ ಗಂಡಸು, ಅಷ್ಟೆ.

"ಮನೇಲಿ ಮಲಗೋದೇ ಇಲ್ಲ" ಅಂತ ಮುತ್ತಮ್ಮನಿಗೆ ಹೇಳಿದಳು. ಇಲ್ಲಿ ಅವಳ ಗಂಟಲು ಸರಿಯಾದ ಅಳತೆಗೇ ಏಳುತ್ತಿತ್ತು. "ಮೊದಲು ಗೋಡೆ ಕಡೆ ತಿರುಗ್ತಾರೆ. ಆಮೇಲೆ ಎದ್ದು ಕೂರ್ತಾರೆ. ನೀರು ಕುಡೀತಾರೆ. ಹಜಾರಕ್ಕೆ ಹೋಗಿ ನಿಂತ್ಕೊಳ್ತಾರೆ. ಬಂದು ಮಲಗ್ತಾರೆ, ಮತ್ತೆ ಏಳ್ತಾರೆ. ಕೋಳಿ ಕೂಗೋವರೆಗೂ ಇದೇ."

ಮುತ್ತಮ್ಮ ಹೂವಿನ ಮೇಲೆ ನೀರು ಚಿಮುಕಿಸುತ್ತಾ, "ಒಂದೂ ಬಿಡದಂಗೆ ಹೇಳ್ತಿದೀರಲ್ಲ ಅಕ್ಕಾ. ಹಂಗಾದ್ರೆ ನೀವ್ಯಾವಾಗ ಮಲಗೋದು?" ಅಂದಳು.

ಅನುಸೂಯಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಷಾಢದಿಂದ ಮನೆಯಲ್ಲಿ ಎಲ್ಲರೂ ಪಾಪಯ್ಯನ ನಿದ್ದೆಯ ಮಾತೇ ಆಡಿದ್ದರು. ಗಸಗಸೆ, ಮಾತ್ರೆ, ಮೊಬೈಲು ಎಲ್ಲ ಅವನ ಸುತ್ತಲೇ ನಡೆದಿತ್ತು. ನಿನಗೆ ನಿದ್ದೆ ಬರುತ್ತಾ ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

"ಗೊತ್ತಿಲ್ಲ ಕಣಮ್ಮಾ" ಅಂದಳು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.

ಮುತ್ತಮ್ಮ ಇನ್ನೊಂದು ಗೋಣಿ ಕೊಡವಿ ಪಕ್ಕಕ್ಕೆ ಎಸೆದಳು.

ಬೇಡ, ಚೀಲ ನೋಡಿಕೊಳ್ಳಬೇಕು, ಹಾರ ಕೊಳ್ಳಬೇಕು, ಹೆಂಗಸು ಮಾರ್ಕೆಟ್ಟಿನಲ್ಲಿ ಬಿದ್ದುಕೊಂಡಿದ್ದಾಳೆ ಅನ್ನುವ ಇನ್ನೊಂದು ಫೋಟೋ ನಂದೀಶನಿಗೆ ಹೋಗಬಾರದು. ಇಷ್ಟೆಲ್ಲ ಅಂದುಕೊಂಡಳು. ಅಂದುಕೊಳ್ಳುತ್ತಲೇ ಗೋಣಿಯ ಮೇಲೆ ಒರಗಿದಳು. ಸದ್ದು ಅವಳ ತಲೆಯ ಮೇಲೆ ಒಂದೇ ಸಮನೆ ಓಡುತ್ತಿತ್ತು. ಚೀಲದೊಳಗೆ ಫೋನು ರಿಂಗಾಯಿತು. ಅದು ಯಾರಿಗೂ ಕೇಳಲಿಲ್ಲ.

ಎಷ್ಟು ಹೊತ್ತಾಯಿತೋ. ಅನುಸೂಯಮ್ಮ ಬೆಚ್ಚಿ ಎದ್ದು ಕೂತಳು. ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲಿದ್ದೇನೆ ಅನ್ನುವುದು ತಿಳಿಯಲಿಲ್ಲ, ಹಜಾರ ಅಂದುಕೊಂಡಳು, ಯಾವ ಮಗ್ಗ ಅಂತ ಕಿವಿಗೊಟ್ಟಳು.

ಎದುರಿಗೆ, ಹೂವಿನ ರಾಶಿಯ ಆಚೆ, ಪಾಪಯ್ಯ ಕೂತಿದ್ದ. ಮಡಿಲಲ್ಲಿ ಚೀಲ, ಡಬ್ಬಿ, ಅವಳ ಚಪ್ಪಲಿ. ಬೆರಳುಗಳು ಬಾಡಿದ ಸೇವಂತಿಗೆಯನ್ನು ಆರಿಸಿ ಆರಿಸಿ ತೆಗೆಯುತ್ತಿದ್ದವು. ಅವಳು ಎದ್ದದ್ದನ್ನು ನೋಡಿದ. ಕೂಗಲಿಲ್ಲ. ಮಗ್ಗದ ಆಚೆ ತುದಿಯಿಂದ ಹೇಳುತ್ತಿದ್ದ ಹಾಗೆ ಸದ್ದಿಲ್ಲದೆ, ನಿಧಾನವಾಗಿ, ತುಟಿಯಲ್ಲೇ ಅಂದ.

'ಮಲಕ್ಕೋ. ಯಾವ್ದೂ ನಿಂತಿಲ್ಲ.'

ಅನುಸೂಯಮ್ಮ ಮಗ್ಗುಲಾದಳು.